ಮುಚ್ಚಿದ ಬಾಗಿಲು ಮತ್ತು ಕತ್ತಲೆ

ದರ್ಶನಾವರಣೀಯ ಕರ್ಮವನ್ನು ಅರಸನ ದರ್ಶನವನ್ನು ತಡೆಯುವ ದ್ವಾರಪಾಲಕನಿಗೆ ಹೋಲಿಸುವುದು ನಮ್ಮ ಪರಂಪರೆ. ಕಡಿಯಾಳಿಯ ನಮ್ಮ ಅಂಗಡಿಯಲ್ಲಿ ಲೆಕ್ಕ ಬರೆಯುವ ಮಧ್ಯವಯಸ್ಕರೊಬ್ಬರ ಎಡಗಣ್ಣಿನ ವಿಚಾರ ತಿಳಿದಾಗ ಈ ಉಪಮೆ ನೆನಪಾಯಿತು. ಆ ಕಣ್ಣು ಹೊರನೋಟಕ್ಕೆ ನಿರ್ದೋಷ. ಆದರೆ ಅದು ಕಳುಹಿಸುವ ನೋಟವನ್ನು ಮಿದುಳು ಸರಿಯಾಗಿ ಸ್ವೀಕರಿಸುವುದಿಲ್ಲ. ಇದಕ್ಕೆ ಆಂಬ್ಲಿಯೋಪಿಯಾ ಅಥವಾ ‘ಸೋಮಾರಿ ಕಣ್ಣು’ ಎಂದು ಹೆಸರು. “ಬಾಲ್ಯದಲ್ಲಿ ಕಳೆದುಹೋದುದು ಕತ್ತಲೆಯಲ್ಲಿದ್ದರೆ ಮರಳುತ್ತದಂತೆ, ನಿಜವೇ?” ಎಂದು ಅವರು ಕೇಳಿದರು. ಉತ್ತರಕ್ಕಾಗಿ ಓದಿದುದನ್ನು ಇಲ್ಲಿ ನಿವೇದಿಸುತ್ತೇನೆ.

1960ರ ದಶಕದಲ್ಲಿ ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು, ತಿಂಗಳುಗಳ ಬಳಿಕ ಬಿಚ್ಚಿದರು. ಮಿದುಳು ಆ ಕಣ್ಣನ್ನು ಕೈಬಿಟ್ಟಿತ್ತು. ಬೆಳೆದ ಬೆಕ್ಕಿನಲ್ಲಿ ಹೀಗಾಗಲಿಲ್ಲ. ಎಳೆತನ ಕಳೆದ ಮೇಲೆ ಮಿದುಳು ಮಾರ್ಪಡಲಾರದು ಎಂಬ ನಂಬಿಕೆ ಇದರಿಂದ ಬಲಗೊಂಡಿತು. 1981ರಲ್ಲಿ ಇವರಿಗೆ ನೊಬೆಲ್ ಪುರಸ್ಕಾರ ಸಂದಿತು.

2006ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಬೆಳೆದ ಇಲಿಗಳನ್ನು ಕೆಲವು ದಿನ ಪೂರ್ಣ ಕತ್ತಲೆಯಲ್ಲಿರಿಸಿದಾಗ ಎಳೆತನದ ಆ ನಮ್ಯತೆ ಮರಳಿತು. ಬೆಳಕು ನಿಂತಾಗ ಮಿದುಳು ಕ್ಷೀಣ ಸಂಕೇತಕ್ಕೂ ಸ್ಪಂದಿಸುವಷ್ಟು ಸೂಕ್ಷ್ಮವಾಗುತ್ತದೆ ಎಂಬುದು ಅದರ ವಿವರಣೆ. 2013ರಲ್ಲಿ ಕೆನಡಾದಲ್ಲಿ 10 ದಿನಗಳ ಕತ್ತಲೆಯ ಬಳಿಕ ಬೆಕ್ಕಿನ ಮರಿಗಳ ಮಂದಗಣ್ಣು ಚೇತರಿಸಿಕೊಂಡಿತು. ಮನುಷ್ಯರಿಗೆ ಇದಿನ್ನೂ ಸಿದ್ಧ ಚಿಕಿತ್ಸೆಯಲ್ಲ. ಯಾರೂ ಮನೆಯಲ್ಲಿ ಪ್ರಯೋಗಿಸಕೂಡದು. ನಮ್ಮ ಲೆಕ್ಕಿಗರಿಗೂ ಇದನ್ನೇ ಹೇಳಿದೆ.

ಈ ತಿಳಿವಿನ ಹಿಂದೆ ಪಂಚೇಂದ್ರಿಯ ಜೀವಿಗಳ ನೋವಿದೆ. ಫಲ ಒಳಿತಾಯಿತೆಂದು ಹಿಂಸೆಯು ಅಹಿಂಸೆಯಾಗದು. ಬೇರೆ ದಾರಿಯೂ ಉಂಟು: 2011ರಲ್ಲಿ ಇಟಲಿಯ ಸಂಶೋಧಕರು ಸಮ್ಮತಿಯಿತ್ತ ವಯಸ್ಕರ ಒಂದು ಕಣ್ಣಿಗೆ 150 ನಿಮಿಷ ಪಟ್ಟಿ ಕಟ್ಟಿದರು, ಬಿಚ್ಚಿದ ಮೇಲೆ ಕೆಲಕಾಲ ಆ ಕಣ್ಣೇ ಪ್ರಬಲವಾಗಿತ್ತು. ಯಾವ ಜೀವಿಯನ್ನೂ ಪೀಡಿಸದೆ ವಯಸ್ಕರ ಮಿದುಳಿನ ನಮ್ಯತೆ ಕಂಡುಬಂದಿತು.

ಆದರೂ ಹಿಂದಿನ ಜ್ಞಾನವನ್ನು ತಿರಸ್ಕರಿಸಿದರೆ ಆ ಮೂಕಜೀವಿಗಳ ನೋವು ಅಳಿಯುವುದಿಲ್ಲ. ವ್ಯಾಪಾರಿಯಾದ ನನಗೆ ಅದು ಸಾಲದ ಬಾಬತ್ತಾಗಿ ತೋರುತ್ತದೆ. ಎಳೆಯ ವಯಸ್ಸಿನಲ್ಲೇ ಗುರುತಿಸಿದರೆ ಕನ್ನಡಕದಿಂದಲೂ ಒಳ್ಳೆಯ ಕಣ್ಣಿಗೆ ಕಟ್ಟುವ ಪಟ್ಟಿಯಿಂದಲೂ ಮಂದಗಣ್ಣು ಬಹುಮಟ್ಟಿಗೆ ಸುಧಾರಿಸುತ್ತದೆ. ಮಗು ತಾನಾಗಿ ದೂರು ಹೇಳದು. ಒಂದು ಕಣ್ಣು ಚೆನ್ನಾಗಿದ್ದರೆ ಅದಕ್ಕೆ ಕೊರತೆಯೇ ತಿಳಿಯದು. ಆದುದರಿಂದ ಬಸದಿಗಳ ಆಡಳಿತ ಮಂಡಳಿಗಳು ವಾರ್ಷಿಕೋತ್ಸವದ ಖರ್ಚಿನಲ್ಲಿ ಒಂದಂಶವನ್ನು, ಶಾಲೆಗೆ ಸೇರುವ ಮುನ್ನ ಎಲ್ಲ ಸಮುದಾಯಗಳ ಮಕ್ಕಳ ನೇತ್ರತಪಾಸಣೆಗೆ ಮೀಸಲಿಡಲಿ. ಅಭಯದಾನ, ಔಷಧದಾನಗಳ ಪರಂಪರೆಯುಳ್ಳ ನಮಗೆ ಇದು ಹೊಸ ಧರ್ಮವೇನಲ್ಲ.