ಇನ್ನೂರು ಗೆಲುವು, ಒಂದು ಗೆಲುವು

ಮಗಳ ಎರಡನೇ ಬಾಣಂತನಕ್ಕೆಂದು ಅಮೆರಿಕದ ಉತ್ತರ ಕ್ಯಾರೊಲೈನಾ ರಾಜ್ಯದ ಶಾರ್ಲೆಟ್ ನಗರಕ್ಕೆ ಹೋಗಿದ್ದೆ. ಮೊದಲ ನಲವತ್ತು ದಿನ ಅಡುಗೆಮನೆ, ತೊಟ್ಟಿಲು, ಮಗುವಿನ ಸ್ನಾನ ಇಷ್ಟರಲ್ಲೇ ಕಳೆದವು. ಕಿಟಕಿಯಾಚೆ ಒಂದು ದೊಡ್ಡ ದೇಶವಿದೆ ಎಂಬುದೇ ಮರೆತುಹೋಗಿತ್ತು. ಒಂದು ಶನಿವಾರ ಬೆಳಿಗ್ಗೆ ಅಳಿಯ, "ಅಮ್ಮಿ, ಇವತ್ತು ಈ ಊರಿನ ಹೆಮ್ಮೆಯನ್ನು ನಿಮಗೆ ತೋರಿಸುತ್ತೇನೆ" ಎಂದರು. ಉದ್ಯಾನವನವೋ, ಹಳೆಯ ಅರಮನೆಯೋ ಇರಬೇಕು ಎಂದುಕೊಂಡೆ. ಹೋಗಿ ನೋಡಿದರೆ ಬರೀ ಕಾರುಗಳು!

ಅದು ನಗರದ ಮಧ್ಯದಲ್ಲಿ 2010ರಲ್ಲಿ ತೆರೆಯಲಾದ 'ನ್ಯಾಸ್ಕಾರ್ ಹಾಲ್ ಆಫ್ ಫೇಮ್'. ಕಾರು ಓಟದ ಸಾಧಕರ ಗೌರವ ಭವನ ಎನ್ನಬಹುದು. ಒಳಗೆ ಓರೆಯಾಗಿ ಏರುತ್ತಾ ಹೋಗುವ ಒಂದು ರಸ್ತೆ ಮಾಡಿ, ಅದರ ಮೇಲೆ ಹಳೆಯ ಹೊಸ ಕಾರುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಕೊನೆಯ ತಿರುವಿನಲ್ಲಿ ರಸ್ತೆ ಎಷ್ಟು ಓರೆಯಾಗಿದೆಯೆಂದರೆ ನಿಂತ ಕಾರೇ ಜಾರಿ ಬಿದ್ದೀತು ಎಂದು ಭಯವಾಗುತ್ತದೆ. ಅಂಥ ತಿರುವಿನಲ್ಲಿ ಗಂಟೆಗೆ ಮುನ್ನೂರು ಕಿಲೋಮೀಟರ್ ವೇಗದಲ್ಲಿ ಓಡಿಸುತ್ತಾರಂತೆ!

ಕಾರು ಓಟದಲ್ಲಿ ನನಗೇನೂ ಆಸಕ್ತಿ ಇರಲಿಲ್ಲ. ಆದರೆ ಅಲ್ಲಿ ಕಂಡ ಎರಡು ಸಂಖ್ಯೆಗಳು ಊರಿಗೆ ಮರಳಿದ ಮೇಲೂ ನನ್ನನ್ನು ಬಿಡಲಿಲ್ಲ. ಒಬ್ಬರ ಹೆಸರಿನ ಮುಂದೆ 200 ಗೆಲುವು. ಇನ್ನೊಬ್ಬರ ಹೆಸರಿನ ಮುಂದೆ ಕೇವಲ 1. ಇಬ್ಬರಿಗೂ ಅದೇ ಭವನದಲ್ಲಿ ಸ್ಥಾನ. ಇದು ಹೇಗೆ?

ಕಳ್ಳಭಟ್ಟಿಯಿಂದ ಮೈದಾನಕ್ಕೆ

'ಸ್ಟಾಕ್ ಕಾರ್' ಎಂದರೆ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಸಾಮಾನ್ಯ ಕಾರು. ಅಮೆರಿಕದ ದಕ್ಷಿಣದ ಬೆಟ್ಟಗಳಲ್ಲಿ ಕಳ್ಳಭಟ್ಟಿ ಸಾಗಿಸುತ್ತಿದ್ದವರು ಪೊಲೀಸರಿಂದ ತಪ್ಪಿಸಿಕೊಳ್ಳಲು ಇಂಥ ಕಾರುಗಳ ಎಂಜಿನನ್ನು ಬಲಪಡಿಸಿಕೊಂಡಿದ್ದರು. ಕ್ರಮೇಣ ಯಾರ ಕಾರು ವೇಗದ್ದು ಎಂದು ಮಣ್ಣಿನ ಮೈದಾನದಲ್ಲಿ ಪಂದ್ಯ ಕಟ್ಟತೊಡಗಿದರು. 1948ರಲ್ಲಿ ಬಿಲ್ ಫ್ರಾನ್ಸ್ ಎಂಬವರು ಇವರನ್ನೆಲ್ಲ ಒಂದು ನಿಯಮದಡಿ ತಂದು ನ್ಯಾಸ್ಕಾರ್ ಸಂಸ್ಥೆ ಸ್ಥಾಪಿಸಿದರು. ಇಂದಿನ ಅತ್ಯುನ್ನತ ಸರಣಿಯ ಮೊದಲ ಓಟ ನಡೆದದ್ದು ಇದೇ ಶಾರ್ಲೆಟ್‌ನಲ್ಲಿ, 1949ರ ಜೂನ್ 19ರಂದು. ಆ ಓಟದಲ್ಲಿ ಸಾರಾ ಕ್ರಿಶ್ಚಿಯನ್ ಎಂಬ ಮಹಿಳೆಯೂ ಕಾರು ಓಡಿಸಿದ್ದರು ಎಂದು ಓದಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು.

ಆಗ ಯಾರು ಎಷ್ಟು ಸುತ್ತು ಮುಗಿಸಿದರು ಎಂದು ಎಣಿಸುವ ಯಂತ್ರಗಳಿರಲಿಲ್ಲ. ಪ್ರತಿ ಕಾರಿಗೂ ಒಬ್ಬರು ಕುಳಿತು, ಅದು ಗೆರೆ ದಾಟಿದಾಗಲೆಲ್ಲ ಕಾಗದದಲ್ಲಿ ಗುರುತು ಹಾಕಬೇಕಿತ್ತು. ಎಷ್ಟೋ ಬಾರಿ ಚಾಲಕರ ಪತ್ನಿಯರೇ ಈ ಕೆಲಸ ಮಾಡುತ್ತಿದ್ದರಂತೆ. ನಾವು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಗುರುತು ಹಾಕುವುದಿಲ್ಲವೇ, ಹಾಗೆಯೇ. ಒಂದು ಗುರುತು ತಪ್ಪಿದರೆ ತಿಂಗಳ ಕೊನೆಗೆ ಹಾಲಿನವನೊಂದಿಗೆ ಜಗಳ. ಇಲ್ಲಿ ಒಂದು ಗುರುತು ತಪ್ಪಿದರೆ ಒಬ್ಬನ ಗೆಲುವೇ ಇನ್ನೊಬ್ಬನ ಪಾಲು!

ಲೆವೆಲ್ ಕ್ರಾಸ್‌ನ ದೊರೆ

ಮುಂದಿನ ವಾರ ಹಸುಳೆಯನ್ನೂ ಕಟ್ಟಿಕೊಂಡು ಎಲ್ಲರೂ ಹೊರಟೆವು. ಶಾರ್ಲೆಟ್‌ನಿಂದ ಒಂದೂವರೆ ಗಂಟೆಯ ದಾರಿಯಲ್ಲಿ ಲೆವೆಲ್ ಕ್ರಾಸ್ ಎಂಬ ಪುಟ್ಟ ಊರಿದೆ. ಸುತ್ತ ಹೊಲಗಳು, ಮರಗಳು, ದೂರದೂರಕ್ಕೊಂದು ಮನೆ. ಇನ್ನೂರು ಗೆಲುವಿನ ರಿಚರ್ಡ್ ಪೆಟ್ಟಿ 1937ರಲ್ಲಿ ಹುಟ್ಟಿದ್ದು ಇಲ್ಲಿಯೇ. ಅಭಿಮಾನಿಗಳು ಅವರನ್ನು 'ದೊರೆ' ಎಂದೇ ಕರೆಯುತ್ತಾರೆ. ಕುಟುಂಬದವರು ಕಾರು ಕಟ್ಟುತ್ತಿದ್ದ ಹಳೆಯ ಕಾರ್ಖಾನೆಯೇ ಈಗ ವಸ್ತುಸಂಗ್ರಹಾಲಯ. ತಿಳಿನೀಲಿ ಬಣ್ಣದ, 43 ಎಂಬ ಸಂಖ್ಯೆಯ ಕಾರುಗಳು ಅಲ್ಲಿ ಸಾಲಾಗಿ ನಿಂತಿವೆ.

1958ರಿಂದ 1992ರವರೆಗೆ ಓಡಿಸಿದ ಪೆಟ್ಟಿ ಏಳು ಬಾರಿ ಚಾಂಪಿಯನ್. 1967ರ ಒಂದೇ ವರ್ಷದಲ್ಲಿ 27 ಗೆಲುವು, ಅದರಲ್ಲೂ ಹತ್ತು ಒಂದರ ಹಿಂದೆ ಒಂದು! ಇನ್ನೂರನೆಯ ಗೆಲುವು 1984ರ ಜುಲೈ 4ರಂದು ಫ್ಲೋರಿಡಾದ ಡೇಟೋನಾದಲ್ಲಿ ಬಂತು. ಅಂದು ಅಧ್ಯಕ್ಷ ರೇಗನ್ ಅಲ್ಲಿಗೆ ಬಂದಿದ್ದರು. ಎರಡನೇ ಸ್ಥಾನದಲ್ಲಿರುವ ಡೇವಿಡ್ ಪಿಯರ್ಸನ್ ಅವರದು 105, ಮೂರನೆಯ ಜೆಫ್ ಗಾರ್ಡನ್ ಅವರದು 93. ಪೆಟ್ಟಿಯವರ ಕಾಲದಲ್ಲಿ ವರ್ಷಕ್ಕೆ ಐವತ್ತು ಅರವತ್ತು ಓಟಗಳು ನಡೆದದ್ದೂ ಉಂಟು. ಈಗ ಅಂಕಗಳಿಗಾಗಿ ನಡೆಯುವುದು 36 ಮಾತ್ರ. ಹೀಗಾಗಿ ಇನ್ನೂರನ್ನು ದಾಟುವವರು ಇನ್ನು ಹುಟ್ಟಲಾರರು ಎನ್ನುತ್ತಾರೆ.

ಈ ದೊರೆಯ ಮೊದಲ ಗೆಲುವೇ ಕೈತಪ್ಪಿ ಹೋದ ಕಥೆ ಸ್ವಾರಸ್ಯಕರವಾಗಿದೆ. 1959ರಲ್ಲಿ ಅಟ್ಲಾಂಟಾದ ಲೇಕ್‌ವುಡ್ ಮೈದಾನದಲ್ಲಿ ರಿಚರ್ಡ್ ಗೆದ್ದರೆಂದು ಘೋಷಿಸಿದರು. ತಕ್ಷಣ ಒಬ್ಬರು ಎದ್ದು, ಎಣಿಕೆ ತಪ್ಪಾಗಿದೆ, ಗೆದ್ದವನು ನಾನು ಎಂದು ತಕರಾರು ಮಾಡಿದರು. ಅವರು ಬೇರಾರೂ ಅಲ್ಲ, ಸ್ವಂತ ತಂದೆ ಲೀ ಪೆಟ್ಟಿ! ಮತ್ತೆ ಎಣಿಸಿದಾಗ ಅಪ್ಪನ ಮಾತೇ ನಿಜವಾಯಿತು. ಮಗ ಮೊದಲ ಗೆಲುವಿಗೆ ಮುಂದಿನ ವರ್ಷದವರೆಗೆ ಕಾಯಬೇಕಾಯಿತು. ಅದೇ 1959ರ ಫೆಬ್ರವರಿಯಲ್ಲಿ ಡೇಟೋನಾದ ಮೊದಲ 500 ಮೈಲಿ ಓಟದಲ್ಲಿ ಇನ್ನೊಬ್ಬರನ್ನು ವಿಜೇತರೆಂದು ಸಾರಲಾಗಿತ್ತು. ಛಾಯಾಚಿತ್ರ, ಸುದ್ದಿಚಿತ್ರಗಳನ್ನೆಲ್ಲ ತರಿಸಿ ನೋಡಿ, ಮೂರು ದಿನಗಳ ನಂತರ ಲೀ ಪೆಟ್ಟಿಯೇ ಗೆದ್ದರೆಂದು ತೀರ್ಮಾನಿಸಿದರು.

ಇನ್ನೂರು ಗೆಲುವಿನ ಆ ಮನೆಯಲ್ಲಿ ನೋವೂ ಇದೆ. ರಿಚರ್ಡ್ ಅವರ ಮೊಮ್ಮಗ ಆ್ಯಡಮ್ 2000ದ ಮೇ ತಿಂಗಳಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಕಾರು ಗೋಡೆಗೆ ಬಡಿದು ತೀರಿಕೊಂಡ. ಅವನಿಗೆ ಹತ್ತೊಂಬತ್ತು ವರ್ಷ. ಗಂಭೀರ ಕಾಯಿಲೆಯ ಮಕ್ಕಳಿಗಾಗಿ ಒಂದು ಶಿಬಿರ ಕಟ್ಟಬೇಕೆಂಬುದು ಅವನ ಆಸೆಯಾಗಿತ್ತು. ತಂದೆತಾಯಿ 2004ರಲ್ಲಿ ಅದನ್ನು ಊರಿನ ಸಮೀಪದಲ್ಲೇ ಆರಂಭಿಸಿದರು. ಅಲ್ಲಿಗೆ ಬರುವ ಮಕ್ಕಳಿಂದ ಹಣ ಪಡೆಯುವುದಿಲ್ಲ. ಆ ವಿಷಯ ಕೇಳಿ ಮಗಳು ಮಡಿಲಲ್ಲಿದ್ದ ಕೂಸನ್ನು ಎದೆಗೊತ್ತಿಕೊಂಡಳು. ತಾಯಿಯ ಲೆಕ್ಕವೇ ಬೇರೆ.

ಡ್ಯಾನ್‌ವಿಲ್‌ನ ಮೆಕ್ಯಾನಿಕ್

ಅಲ್ಲಿಂದ ಉತ್ತರಕ್ಕೆ ಒಂದು ಗಂಟೆಗೂ ಸ್ವಲ್ಪ ಹೆಚ್ಚು ಹೋದರೆ ವರ್ಜೀನಿಯಾ ರಾಜ್ಯದ ಗಡಿ. ಗಡಿ ದಾಟುತ್ತಲೇ ಡ್ಯಾನ್‌ವಿಲ್. ಡ್ಯಾನ್ ನದಿಯ ದಡದಲ್ಲಿ ಹತ್ತಿ ಗಿರಣಿಗಳಿಂದ, ಹೊಗೆಸೊಪ್ಪಿನ ವ್ಯಾಪಾರದಿಂದ ಬೆಳೆದ ಊರು. ಒಂದೇ ಗೆಲುವಿನ ವೆಂಡೆಲ್ ಸ್ಕಾಟ್ ಇಲ್ಲಿಯವರು. 1921ರ ಆಗಸ್ಟ್ 29ರಂದು ಕರಿಯರ ಕುಟುಂಬವೊಂದರಲ್ಲಿ ಹುಟ್ಟಿದ ಅವರಿಗೆ ಗಿರಣಿಯ ಕೂಲಿ ಬೇಡವಾಗಿತ್ತು. ಟ್ಯಾಕ್ಸಿ ಓಡಿಸಿದರು, ಎರಡನೇ ಮಹಾಯುದ್ಧದಲ್ಲಿ ಸೇನೆಯಲ್ಲಿ ದುಡಿದರು, ಮರಳಿ ಬಂದು ಗ್ಯಾರೇಜು ತೆರೆದರು. ಸಂಸಾರ ದೊಡ್ಡದು. ಕಳ್ಳಭಟ್ಟಿ ಸಾಗಿಸಿ ಸಿಕ್ಕಿಬಿದ್ದದ್ದೂ ಉಂಟು. 1952ರಲ್ಲಿ ಊರಿನ ಓಟದ ಆಯೋಜಕರು ಜನರನ್ನು ಸೆಳೆಯಲು ಒಬ್ಬ ಕರಿಯ ಚಾಲಕನನ್ನು ಹುಡುಕುತ್ತಾ ಪೊಲೀಸರನ್ನೇ ವಿಚಾರಿಸಿದರು. ಹಿಡಿಯಲು ಅತಿ ಕಷ್ಟವಾದವನು ಸ್ಕಾಟ್ ಎಂದು ಪೊಲೀಸರು ಹೇಳಿದರಂತೆ!

ಕರಿಯರಿಗೆ ಬೇರೆ ಶಾಲೆ, ಬೇರೆ ಆಸನ, ಬೇರೆ ನಲ್ಲಿ ಇದ್ದ ಕಾಲವದು. ಎಷ್ಟೋ ಹೋಟೆಲುಗಳಲ್ಲಿ ಅವರಿಗೆ ಊಟವಾಗಲಿ ಕೋಣೆಯಾಗಲಿ ಸಿಗುತ್ತಿರಲಿಲ್ಲ. ಇತರ ಚಾಲಕರಿಗೆ ಕಂಪೆನಿಗಳ ಹಣ, ಹೊಸ ಕಾರು ಇದ್ದರೆ ಸ್ಕಾಟ್‌ಗೆ ಇದ್ದದ್ದು ಹಳೆಯ ಕಾರು, ಹಳೆಯ ಬಿಡಿಭಾಗ ಮತ್ತು ಸ್ವಂತ ಮಕ್ಕಳು. ಪತ್ನಿ ಮೇರಿ ಮತ್ತು ಏಳು ಮಕ್ಕಳ ಸಂಸಾರವೇ ಅವರ ತಂಡ. ಗಂಡುಮಕ್ಕಳು ಚಕ್ರ ಬದಲಾಯಿಸುತ್ತಿದ್ದರು, ಪೆಟ್ರೋಲ್ ತುಂಬಿಸುತ್ತಿದ್ದರು.

1963ರ ಜೂನ್‌ನಲ್ಲಿ ಇದೇ ಡ್ಯಾನ್‌ವಿಲ್‌ನಲ್ಲಿ ಸಮಾನ ಹಕ್ಕು ಕೇಳಿದ ಕರಿಯರ ಮೇಲೆ ಪೊಲೀಸರು ಲಾಠಿ ಬೀಸಿ, ನೀರಿನ ಕೊಳವೆ ಹಾಯಿಸಿದರು. ಅದೇ ವರ್ಷದ ಡಿಸೆಂಬರ್ 1ರಂದು ಫ್ಲೋರಿಡಾದ ಜಾಕ್ಸನ್‌ವಿಲ್‌ನ ಮಣ್ಣಿನ ಮೈದಾನದಲ್ಲಿ ನೂರು ಮೈಲಿಯ ಓಟ. ಕೊನೆಯ ಇಪ್ಪತ್ತೈದು ಸುತ್ತುಗಳಿರುವಾಗ ಸ್ಕಾಟ್ ತಮ್ಮ ಹಳೆಯ ಷೆವ್ರೊಲೆಟ್‌ನಲ್ಲಿ ಒಬ್ಬರನ್ನು ಹಿಂದೆ ಹಾಕಿ ಮುಂದೆ ಬಂದರು. ಹಿಂದೆ ಬಿದ್ದವರು ಯಾರು ಗೊತ್ತೇ? ಕಾರು ಕೈಕೊಟ್ಟಿದ್ದ ರಿಚರ್ಡ್ ಪೆಟ್ಟಿ!

ಆದರೆ ಗೆಲುವಿನ ಬಾವುಟ ಬೀಸಿದ್ದು ಸ್ಕಾಟ್‌ಗೆ ಅಲ್ಲ. ಎರಡನೆಯವರಾದ ಬಕ್ ಬೇಕರ್ ಅವರನ್ನು ವಿಜೇತರೆಂದು ಸಾರಿ ಟ್ರೋಫಿ ಕೊಟ್ಟರು. ಸ್ಕಾಟ್ ತಕರಾರು ಮಾಡಿದರು. ಕೆಲವು ಗಂಟೆಗಳ ನಂತರ ಲೆಕ್ಕ ನೋಡಿದಾಗ ಸ್ಕಾಟ್ ಗೆದ್ದದ್ದಷ್ಟೇ ಅಲ್ಲ, ಎರಡು ಸುತ್ತು ಮುಂದಿದ್ದರು ಎಂದು ತಿಳಿಯಿತು. ಅಷ್ಟರಲ್ಲಿ ಪ್ರೇಕ್ಷಕರು ಮನೆಗೆ ಹೋಗಿಯಾಗಿತ್ತು, ಟ್ರೋಫಿಯೂ ಹೋಗಿತ್ತು. ಎಣಿಕೆಯ ತಪ್ಪು ಎಂದರು ಅಧಿಕಾರಿಗಳು. ಗೆದ್ದವನಿಗೆ ಟ್ರೋಫಿ ಕೊಟ್ಟು ಮುತ್ತಿಡುವವಳು ಬಿಳಿಯ ಸುಂದರಿ. ಅವಳ ಪಕ್ಕದಲ್ಲಿ ಕರಿಯನೊಬ್ಬ ನಿಲ್ಲಬಾರದೆಂದೇ ಹೀಗೆ ಮಾಡಿದರು ಎಂಬುದು ಸ್ಕಾಟ್ ಅವರ ನಂಬಿಕೆಯಾಗಿತ್ತು.

ತಡವಾಗಿ ಬಂದ ಟ್ರೋಫಿ

ಸ್ಕಾಟ್ 495 ಓಟಗಳಲ್ಲಿ ಓಡಿಸಿದರು. 147 ಬಾರಿ ಮೊದಲ ಹತ್ತರೊಳಗೆ ಬಂದರು. 1973ರಲ್ಲಿ ನಡೆದ ದೊಡ್ಡ ಅಪಘಾತ ಅವರ ಓಟದ ಬದುಕನ್ನು ಮುಗಿಸಿತು. 1990ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗಲೂ ಆ ಟ್ರೋಫಿ ಮನೆಗೆ ಬಂದಿರಲಿಲ್ಲ. 2010ರಲ್ಲಿ ಕುಟುಂಬಕ್ಕೆ ಅದರ ಪ್ರತಿಕೃತಿ ಸಿಕ್ಕಿತು. 2015ರಲ್ಲಿ ಶಾರ್ಲೆಟ್‌ನ ಗೌರವ ಭವನಕ್ಕೆ ಅವರ ಹೆಸರು ಸೇರಿತು. ನ್ಯಾಸ್ಕಾರ್ ತಾನೇ ಟ್ರೋಫಿ ಮಾಡಿಸಿ ಕುಟುಂಬದ ಕೈಗಿತ್ತದ್ದು 2021ರ ಆಗಸ್ಟ್ 28ರಂದು, ಅವರು ಹುಟ್ಟಿ ನೂರು ವರ್ಷ ತುಂಬುವ ಹಿಂದಿನ ದಿನ. ಅದೇ ಅಕ್ಟೋಬರ್‌ನಲ್ಲಿ ಬಬ್ಬಾ ವಾಲೇಸ್ ಗೆದ್ದರು. ಈ ಸರಣಿಯಲ್ಲಿ ಸ್ಕಾಟ್ ನಂತರ ಗೆದ್ದ ಮೊದಲ ಕರಿಯ ಚಾಲಕ ಅವರು. ನಡುವೆ ಸುಮಾರು ಐವತ್ತೆಂಟು ವರ್ಷ!

ಬಿಳಿಯರಿಗೂ ಲೆಕ್ಕ ತಡವಾದದ್ದುಂಟು. ಬಾಬಿ ಆ್ಯಲಿಸನ್ 1971ರಲ್ಲಿ ಗೆದ್ದ ಒಂದು ಓಟವನ್ನು, ಕಾರಿನ ವರ್ಗ ಬೇರೆ ಎಂಬ ಕಾರಣಕ್ಕೆ ಯಾರ ಖಾತೆಗೂ ಬರೆದಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಅದನ್ನು ಅವರ ಹೆಸರಿಗೆ ಸೇರಿಸಿದರು. 84 ಇದ್ದದ್ದು 85 ಆಯಿತು. ಕೆಲವೇ ವಾರಗಳಲ್ಲಿ, ನವೆಂಬರ್ 9ರಂದು, ಅವರು ತೀರಿಕೊಂಡರು. ಅವರಿಗೆ ಆ ಸಂತೋಷ ಬದುಕಿರುವಾಗಲೇ ಸಿಕ್ಕಿತು. ಸ್ಕಾಟ್‌ಗೆ ಸಿಗಲಿಲ್ಲ.

ಡ್ಯಾನ್‌ವಿಲ್‌ನಲ್ಲಿ ಈಗ ವೆಂಡೆಲ್ ಸ್ಕಾಟ್ ಹೆಸರಿನ ಒಂದು ರಸ್ತೆಯಿದೆ. ಅಲ್ಲಿ ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ಇಳಿದೆವು. ನೋಡಲು ವಿಶೇಷವೇನೂ ಇಲ್ಲ, ಎಲ್ಲ ಊರಿನಲ್ಲೂ ಇರುವಂಥ ರಸ್ತೆ. ದೊಡ್ಡ ಮೊಮ್ಮಗಳು, "ನಾನಿ, ಒಂದೇ ಸಲ ಗೆದ್ದವರಿಗೆ ಇಷ್ಟೆಲ್ಲ ಯಾಕೆ?" ಎಂದು ಕೇಳಿದಳು. ಆ ಒಂದನ್ನು ಕೊಡಲು ಇವರಿಗೆ ಎಷ್ಟು ವರ್ಷ ಬೇಕಾಯಿತೆಂದು ನೀನೇ ಎಣಿಸು ಎಂದೆ. ಅವಳು ಬೆರಳು ಮಡಚತೊಡಗಿದಳು. ಹತ್ತು ಬೆರಳು ಮುಗಿದು, ಮತ್ತೆ ಮೊದಲಿನಿಂದ ಆರಂಭಿಸಿ, ಶಾರ್ಲೆಟ್‌ನ ದಾರಿಯುದ್ದಕ್ಕೂ ಎಣಿಸುತ್ತಲೇ ಇದ್ದಳು.