ಹೋದ ವರ್ಷದ ವರದಿ ಎತ್ತಿಡಿ

ಕುಮಟಾ

ಪ್ರಿಯ ಗೆಳೆಯರೇ,

ಹೊನ್ನಾವರದಿಂದ ನೀವು ಬರೆದ ಕಾಗದ ಕೈಸೇರಿತು. ದೊಡ್ಡ ಕಂಪನಿಗಳ ಮುಖ್ಯಸ್ಥರು ವರ್ಷಕ್ಕೊಮ್ಮೆ ಷೇರುದಾರರಿಗೆ ಬರೆಯುವ ಪತ್ರಗಳನ್ನು ನಮ್ಮಂಥವರು ಓದಿ ಆಗಬೇಕಾದ್ದೇನು ಎಂದು ಕೇಳಿದ್ದೀರಿ. ನೀವೂ ಷೇರುದಾರರೇ ಅಲ್ಲವೇ? ಬೆಳೆಸಾಲಕ್ಕೆಂದು ನಿಮ್ಮೂರ ಸೊಸೈಟಿಯಲ್ಲಿ ಷೇರು ಹಾಕಿದವರು ನೀವು. ಭಟ್ಕಳದಲ್ಲಿ ಮಲ್ಲಿಗೆ ಬೆಳೆಯುವವರು, ನಿಮ್ಮ ಕಡೆಯ ಮೀನುಗಾರರು, ನಮ್ಮ ಕಡೆಯ ತೋಟಿಗರು, ಎಷ್ಟೋ ಜನ ಹೀಗೆಯೇ ಷೇರುದಾರರು. ಸೊಸೈಟಿಯ ಕಾರ್ಯದರ್ಶಿಗೂ ಈಗ ಮುಖ್ಯ ಕಾರ್ಯನಿರ್ವಾಹಕರೆಂದೇ ಹೆಸರು.

ಅಮೆರಿಕದ ಹೂಡಿಕೆದಾರ ವಾರನ್ ಬಫೆಟ್ ತಮ್ಮ ಬರ್ಕ್‌ಶೈರ್ ಹಾಥವೇ ಕಂಪನಿಯ ಪತ್ರ ಬರೆಯುವಾಗ ಅಕ್ಕ ಡೋರಿಸ್, ತಂಗಿ ಬರ್ಟಿ ಇಬ್ಬರ ಜೊತೆ ಮಾತಾಡುತ್ತಿದ್ದೇನೆ ಎಂದುಕೊಂಡು ಬರೆಯುತ್ತಿದ್ದರಂತೆ. ಅಕ್ಕತಂಗಿಯರಿಗೆ ಲೆಕ್ಕ ಒಪ್ಪಿಸುವಾಗ ಮುಚ್ಚಿಡುವುದು ಕಷ್ಟ. 1993ರಲ್ಲಿ ಅವರು ಡೆಕ್ಸ್ಟರ್ ಎಂಬ ಚಪ್ಪಲಿ-ಬೂಟಿನ ಕಂಪನಿಯನ್ನು ತಮ್ಮ ಕಂಪನಿಯ ಷೇರನ್ನೇ ಕೊಟ್ಟು ಕೊಂಡರು. ಆ ವ್ಯಾಪಾರ ಮುಳುಗಿತು. ಅದನ್ನು ತಮ್ಮದೇ ತಪ್ಪೆಂದು ಎಷ್ಟೋ ವರ್ಷಗಳ ನಂತರವೂ ಬರೆದರು. 2019ರಿಂದ 2023ರವರೆಗಿನ ಪತ್ರಗಳಲ್ಲಿ ತಪ್ಪು, ಪ್ರಮಾದ ಎಂಬ ಮಾತು 16 ಸಲ ಬಂದಿದೆ ಎಂದು ಲೆಕ್ಕ ಕೊಟ್ಟವರೂ ಅವರೇ. ನನಗೆ ಆ ಪತ್ರಗಳಲ್ಲಿ ಹಿಡಿಸಿದ್ದು ತಪ್ಪೊಪ್ಪಿಕೊಳ್ಳುವ ಈ ಗುಣ.

ಪತ್ರವೊಂದನ್ನೇ ನಂಬಿದರೂ ಸಾಲದು. ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರಾಗಿದ್ದ ರಾಮಲಿಂಗ ರಾಜು 2009ರ ಜನವರಿ 7ರಂದು ಬರೆದ ಪತ್ರದಲ್ಲಿ, ಲೆಕ್ಕದಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಅದಕ್ಕೂ ಮೊದಲಿನ ವರದಿಗಳಲ್ಲಿ ಎಲ್ಲವೂ ಚೆನ್ನಾಗಿಯೇ ಇತ್ತು.

ಈಗ ನಮ್ಮ ಸೊಸೈಟಿಯ ವಾರ್ಷಿಕ ವರದಿಯ ಪುಸ್ತಿಕೆಗೆ ಬನ್ನಿ. ಮೊದಲ ಪುಟದಲ್ಲಿ ಆಡಳಿತ ಮಂಡಳಿಯ ಫೋಟೊ, ಆಮೇಲೆ ಅಧ್ಯಕ್ಷರ ಮಾತು, ಹಿಂದೆ ಆಢಾವೆ ಪತ್ರಿಕೆ. ಲಾಭದ ಅಂಕಿ ದಪ್ಪಕ್ಷರದಲ್ಲಿರುತ್ತದೆ. ನೀವು ಸುಸ್ತಿ ಸಾಲದ ಸಾಲಿಗೆ ಬೆರಳಿಡಿ. ಹೋದ ವರ್ಷ ಎಷ್ಟಿತ್ತು, ಈ ವರ್ಷ ಎಷ್ಟಾಯಿತು? ನಂತರ ಲೆಕ್ಕಪರಿಶೋಧಕರು ಎತ್ತಿದ ಆಕ್ಷೇಪಣೆಗಳಿಗೆ ಆಡಳಿತ ಮಂಡಳಿ ಕೊಟ್ಟ ಅನುಪಾಲನಾ ವರದಿ ನೋಡಿ. ಕಳೆದ ಸಲದ ಆಕ್ಷೇಪಣೆಯೇ ಮತ್ತೆ ಬಂದಿದ್ದರೆ ಉತ್ತರ ಬರೆದದ್ದಷ್ಟೇ, ಕೆಲಸ ಆಗಿಲ್ಲ.

ನಾನು ಸದಸ್ಯನಾಗಿರುವ ಒಂದು ಸಂಘದ ವರದಿಯಲ್ಲಿ ಗೋದಾಮು ಬರುವ ವರ್ಷ ಮುಗಿಯುತ್ತದೆ ಎಂದಿತ್ತು. ಮರುವರ್ಷದ ವರದಿಯಲ್ಲಿ ಗೋದಾಮಿನ ಮಾತೇ ಇರಲಿಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ಓದದಿದ್ದರೆ ನನಗೂ ಹೊಳೆಯುತ್ತಿರಲಿಲ್ಲ. ಸಭೆಯಲ್ಲಿ ಎದ್ದು ಕೇಳಿದೆ. ಪಕ್ಕದವರು ಹುಬ್ಬೇರಿಸಿದರೂ ಉತ್ತರ ಸಿಕ್ಕಿತು, ಅದು ನಡಾವಳಿ ಪುಸ್ತಕಕ್ಕೂ ಏರಿತು.

ಕಂಪನಿಯಲ್ಲಿ ಷೇರು ಹೆಚ್ಚಿದ್ದವರ ಮಾತಿಗೆ ತೂಕ ಹೆಚ್ಚು. ಸೊಸೈಟಿಯಲ್ಲಿ ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಈ ಸಲದ ಮಹಾಸಭೆಯ ನೋಟಿಸು ಬಂದ ದಿನವೇ ಹೋದ ವರ್ಷದ ಪುಸ್ತಿಕೆ ಹುಡುಕಿ ತೆಗೆದಿಡಿ. ಸಿಗದಿದ್ದರೆ ಸಂಘದ ಕಚೇರಿಗೆ ಹೋಗಿ ಕೇಳಿ.

ನಿಮ್ಮವನೇ ಆದ
ಗೆಳೆಯ