ಕೇಳುವ ಪಾಳಿ

ಜೂನ್ 4
ಪಾರ್ಶ್ವವಾಯು ವಾರ್ಡು. ಮಂಡ್ಯ ಕಡೆಯ ಅಜ್ಜಿ. ಎಡ ಮಿದುಳಿಗೆ ಪೆಟ್ಟು, ಬಲಗೈ ಏಳುವುದಿಲ್ಲ. ಹೇಳಿದ್ದು ತಿಳಿಯುತ್ತದೆ. ಬಾಯಿಗೆ ಬರುವುದು ಮಾತ್ರ ‘ಅದೇ, ಅದೇ.’ ನೀರಿಗೂ ಅದೇ, ನೋವಿಗೂ ಅದೇ.
ಮಗಳು: ‘ರಾಗಿ ಬೀಸ್ವಾಗ ಪದ ಹೇಳೋರು ಮೇಡಂ. ಊರ್ಗೆಲ್ಲಾ ಅವ್ವನ ದನಿನೇ.’
ಸಂಗೀತವನ್ನು ವಿದ್ವತ್‌ವರೆಗೆ ಕಲಿತೆ. ಬೀಸುವ ಪದ ಒಂದೂ ಬರುವುದಿಲ್ಲ.

ಜೂನ್ 6
ಮಗಳು ಫೋನಿನಲ್ಲಿ ಚಿಕ್ಕಮ್ಮನಿಂದ ಹಾಡಿಸಿದಳು. ಕೇಳಿ ಕಲಿತು ಶುರುಮಾಡಿದೆ. ಎರಡನೇ ಸಾಲಿಗೆ ಅಜ್ಜಿ ಸೇರಿಕೊಂಡರು. ಪದ ಪದವೂ ಸ್ಪಷ್ಟ. ಮಗಳು ಬಿಕ್ಕಿ ಬಿಕ್ಕಿ ಅತ್ತಳು. ‘ಮಾತು ಬಂತು!’

ರಾತ್ರಿ
ಬಂದದ್ದು ಹಾಡು. ಮಾತಲ್ಲ. ಬಾಯಿಪಾಠವಾದ ಹಾಡು ಇಡಿಯಾಗಿ ಹೊರಬರುತ್ತದೆ. ಅದರೊಳಗಿನ ಒಂದು ಪದವನ್ನು ಬೇಕೆಂದಾಗ ಆರಿಸಿಕೊಳ್ಳಲು ಆಗುವುದಿಲ್ಲ. ಬಾಸ್ಟನ್ನಿನ ಸಂಶೋಧಕರಾದ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ 1973ರಲ್ಲಿ ತೆರೆದ ದಾರಿ ಬೇರೆ: ದಿನಬಳಕೆಯ ಮಾತನ್ನೇ ಎರಡು ಸ್ವರದಲ್ಲಿ ಎಳೆದು ಹೇಳಿಸುವುದು, ಅಕ್ಷರಕ್ಕೊಮ್ಮೆ ಎಡಗೈ ತಟ್ಟಿಸುವುದು, ಮೆಲ್ಲಗೆ ಸ್ವರ ಬಿಡಿಸುವುದು. ತಿಂಗಳುಗಟ್ಟಲೆ ಕೆಲಸ.
ಇದನ್ನು ಆ ಹುಡುಗಿಗೆ ಹೇಗೆ ಹೇಳಲಿ?

ಜೂನ್ 11
ಒಬ್ಬರ ಫೋನು. ‘ಬಿಪಿಗೆ ಯಾವ ರಾಗ ಮೇಡಂ?’ ವಾಟ್ಸ್‌ಆ್ಯಪ್‌ನಲ್ಲಿ ಪಟ್ಟಿ ಬಂದಿದೆಯಂತೆ. ಮಾತ್ರೆ ಬಿಡಬೇಡಿ ಎಂದೆ. ಇಡೀ ದಿನ ಸಿಟ್ಟು. ಸಂಗೀತದ ಮೇಲೆ ಭಕ್ತಿ ಇದೆ, ಅದಕ್ಕೇ ಈ ಸಿಟ್ಟು.

ಜೂನ್ 14
ಪಾರ್ಕಿನ್ಸನ್ ಮೇಷ್ಟ್ರು. ಹೊಸ್ತಿಲ ಬಳಿ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ. ಅವರ ನಡಿಗೆಯ ವೇಗಕ್ಕೇ ಮೆಟ್ರೊನೋಮ್ ಇಟ್ಟೆ. ಕದಲಲಿಲ್ಲ. ಭಜನೆಗೆ ಹೋಗುತ್ತಿದ್ದರಂತೆ. ತಾಳ ಹಿಡಿದು ಕುಟ್ಟಿದೆ. ಕಾಲೆದ್ದಿತು, ಹೊಸ್ತಿಲು ದಾಟಿದರು, ಕಾರಿಡಾರಿನ ತುದಿವರೆಗೂ ನಡೆದರು. ತಾಳ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ನಿಂತರು.
ಮನೆಯಲ್ಲಿ ತಾಳ ಹಾಕುವವರು ಯಾರು?

ಜೂನ್ 19
‘ನೀರು ಬೇಕು.’ ಷಡ್ಜ, ಸಾಧಾರಣ ಗಾಂಧಾರ, ಎರಡೇ. ಅಜ್ಜಿಯ ಎಡಗೈ ನನ್ನ ಕೈಯಲ್ಲಿ. ‘ನೀ…’ ಎಂದು ನಿಂತರು. ತುಟಿ ಆಡುತ್ತಿತ್ತು. ಹೇಳಿಬಿಡಲೇ? ಹೇಳಲಿಲ್ಲ. ಗುರುಗಳ ಮುಂದೆ ಇಷ್ಟು ಹೊತ್ತು ಸುಮ್ಮನಿದ್ದರೆ ಗದರುತ್ತಿದ್ದರು. ಇಲ್ಲಿ ಈ ಹೊತ್ತು ಅಜ್ಜಿಯದು.
‘…ರು.’
ಇವತ್ತಿಗೆ ಅಷ್ಟೇ. ಸಾಕು.

ಜೂನ್ 23
ಅಮ್ಮ: ‘ಕಛೇರಿ ಪೂರ್ತಿ ಬಿಟ್ಟೆಯೇನೇ?’ ಉತ್ತರ ಕೊಡಲಿಲ್ಲ. ಬೆಳಗಿನ ಸಾಧನೆ ನಿಂತು ಎಷ್ಟೋ ದಿನವಾಯಿತು. ಆಸ್ಪತ್ರೆಯ ಪಟ್ಟಿಯಲ್ಲಿ ನನಗಿನ್ನೂ ಹುದ್ದೆಯ ಹೆಸರಿಲ್ಲ. ಸೆಷನ್ನಿಗಿಷ್ಟು ಎಂದು ದುಡ್ಡು. ಆದರೂ ವಾರ್ಡಿನ ಬಾಗಿಲು ತಳ್ಳುವಾಗ ಯಾವ ವೇದಿಕೆಯಲ್ಲೂ ಆಗದ ಎದೆಬಡಿತ.

ಜೂನ್ 27
ಅಜ್ಜಿ ಡಿಸ್ಚಾರ್ಜ್. ಬೆಳಿಗ್ಗೆ ನನ್ನೊಂದಿಗೆ ‘ನೀರು ಬೇಕು’ ಪೂರ್ತಿ ಬಂತು. ಮಧ್ಯಾಹ್ನ ಮಗಳ ಹತ್ತಿರ ಮತ್ತೆ ‘ಅದೇ.’ ಮಗಳಿಗೆ ಕೈ ತಟ್ಟಿಸುವುದು ಕಲಿಸಿದೆ. ‘ಅವರಿಗಿಂತ ಮೊದಲು ನೀನು ಹೇಳಬೇಡವ್ವ’ ಎಂದೆ. ತಲೆಯಾಡಿಸಿದಳು. ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗುವ ಹೊತ್ತಂತೆ. ಪುರುಸೊತ್ತು ಸಿಗುತ್ತದೋ ಇಲ್ಲವೋ.
ಆ ಹಾಸಿಗೆಗೆ ನಾಳೆ ಬೀದರ್ ಕಡೆಯವರು ಬರುತ್ತಾರೆ. ಅವರಿಗೂ ಅಫೇಸಿಯಾ, ಹೀಗೇ ಮಾತು ಹೋಗಿದೆ. ಜೊತೆಗೆ ಯಾರು ಬರುತ್ತಾರೋ, ಮನೆಯಲ್ಲಿ ಏನು ಹಾಡುತ್ತಿದ್ದರೆಂದು ಮೊದಲು ಅವರನ್ನು ಕೇಳಬೇಕು.